ಸಂಕೀರ್ಣ ಸಿಸ್ಟಮ್‌ನಲ್ಲಿ ಬದಲಾವಣೆ ಮಾಡೋದು ಹೇಗೆ: ಲೈಫ್ ಸೈಕಲ್ ಸ್ಟ್ಯಾಂಡರ್ಡ್‌ಗಳನ್ನ ಕೈಯಲ್ಲಿಟ್ಕೊಂಡು, ಹೆಜ್ಜೆ ಹೆಜ್ಜೆಯಾಗಿ

ಐಎಸ್‌ಒ/ಐಇಸಿ/ಐಇಇಇ 15288, ಅಂದ್ರೆ ಒಂದು ಸಿಸ್ಟಮ್‌ನ ಹುಟ್ಟಿಂದ ನಿವೃತ್ತಿ ತನಕದ ಕೆಲಸಗಳನ್ನ ವಿವರಿಸೋ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್, ಮೊದಲ ಸಲ ಕೈಗೆ ಸಿಕ್ಕಾಗ ಬಹಳ ಜನ ಪರಿವಿಡಿಯಲ್ಲಿ "ಚೇಂಜ್ ಮ್ಯಾನೇಜ್‌ಮೆಂಟ್" ಅನ್ನೋ ಪ್ರೊಸೆಸ್ ಎಲ್ಲಿದೆ ಅಂತ ಹುಡುಕ್ತಾರೆ. ಸಿಗಲ್ಲ. ಒಟ್ಟು 30 ಪ್ರೊಸೆಸ್ ಇವೆ, ಅಗ್ರಿಮೆಂಟ್‌ಗೆ 2, ಸಂಸ್ಥೆ ಮಟ್ಟಕ್ಕೆ 6, ಟೆಕ್ನಿಕಲ್ ಮ್ಯಾನೇಜ್‌ಮೆಂಟ್‌ಗೆ 8, ಟೆಕ್ನಿಕಲ್ 14, ಆದ್ರೆ ಆ ಹೆಸರಿಂದು ಒಂದೂ ಇಲ್ಲ. ಕಾನ್ಫಿಗರೇಶನ್ ಮ್ಯಾನೇಜ್‌ಮೆಂಟ್ (ಯಾವ ಭಾಗ ಯಾವ ರೂಪದಲ್ಲಿದೆ ಅಂತ ಲೆಕ್ಕ ಇಟ್ಟು ಕಾಯೋದು) ಪ್ರೊಸೆಸ್ ಒಳಗೆ ಒಂದು ಚಟುವಟಿಕೆಯಾಗಿ ಬರುತ್ತೆ ಅಷ್ಟೇ. ಆಗ ಜನ ಏನ್ಮಾಡ್ತಾರೆ ಅಂದ್ರೆ ಆ ಒಂದು ಪ್ರೊಸೆಸ್ ಮಾತ್ರ ಓದಿ, ಒಂದು ಫಾರ್ಮ್ ಮಾಡಿ, ಮೂರು ಸಹಿ ಜಾಗ ಬಿಟ್ಟು, ನಮ್ಮಲ್ಲಿ ಚೇಂಜ್ ಕಂಟ್ರೋಲ್ ಇದೆ ಅಂತ ಹೇಳ್ಕೊಂಡು ಮುಂದೆ ಹೋಗ್ತಾರೆ.

ನಾನು ಇಷ್ಟು ವರ್ಷ ಈ ಕೆಲಸ ಮಾಡಿ ಅರ್ಥ ಮಾಡ್ಕೊಂಡಿದ್ದು ಬೇರೆ. ಬದಲಾವಣೆ ಅನ್ನೋದು ಒಂದು ಪ್ರೊಸೆಸ್ ಅಲ್ಲ, ಅದು ಆ 30 ಪ್ರೊಸೆಸ್‌ಗಳ ಮೂಲಕ ಇನ್ನೊಂದು ಸಲ ಓಡಿ ಬರೋ ಒಂದು ಸಣ್ಣ ಜೀವನಚಕ್ರ. ಅವಶ್ಯಕತೆ ಏನು, ಡಿಸೈನ್ ಏನು, ಮಾಡೋದು, ಜೋಡಿಸೋದು, ಪರೀಕ್ಷಿಸೋದು, ಬಳಕೆಗೆ ಕೊಡೋದು, ಹಳೇದನ್ನ ತೆಗೆದುಹಾಕೋದು, ಹೊಸ ಸಿಸ್ಟಮ್ ಕಟ್ಟೋವಾಗ ಇದ್ದದ್ದೆಲ್ಲ ಒಂದು ಸೆನ್ಸರ್ ಬದಲಾಯಿಸೋವಾಗಲೂ ಇರುತ್ತೆ, ಗಾತ್ರ ಮಾತ್ರ ಚಿಕ್ಕದು. ಇದನ್ನ ಹೇಗೆ ಮಾಡೋದು ಅಂತ ಕೆಳಗೆ ಬರೀತೀನಿ.

ಉದಾಹರಣೆ ಒಂದೇ ಇಟ್ಕೊಳ್ಳೋಣ. ಒಂದು ಕುಡಿಯೋ ನೀರಿನ ಶುದ್ಧೀಕರಣ ಘಟಕ. ನೀರಲ್ಲಿ ಉಳಿದಿರೋ ಕ್ಲೋರಿನ್ ಅಳೆಯೋ ಅನಲೈಜರ್ ಇದೆ, ಅದರ ರೀಡಿಂಗ್ ನೋಡಿ ಪಿಎಲ್‌ಸಿ (ಯಂತ್ರಗಳನ್ನ ನಿಯಂತ್ರಿಸೋ ಚಿಕ್ಕ ಕಂಪ್ಯೂಟರ್) ಕ್ಲೋರಿನ್ ಹಾಕೋ ಡೋಸಿಂಗ್ ಪಂಪ್ ಓಡಿಸುತ್ತೆ. ಹಳೇ ಅನಲೈಜರ್ ರೀಏಜೆಂಟ್ (ಬಣ್ಣ ಬರಿಸೋ ರಾಸಾಯನಿಕ) ಹಾಕಿ ಬಣ್ಣ ನೋಡಿ ಅಳೆಯೋ ತರದ್ದು, ಕೆಲವು ನಿಮಿಷಕ್ಕೊಂದು ರೀಡಿಂಗ್ ಕೊಡುತ್ತೆ, ಆ ಮಾಡೆಲ್ ತಯಾರಿಕೆ ನಿಂತುಹೋಗಿದೆ. ಹೊಸದು ನೀರಲ್ಲೇ ಮುಳುಗಿದ್ದು ವಿದ್ಯುತ್ ಹರಿವಿಂದ ಕ್ಲೋರಿನ್ ಅಳೆಯೋ ಆಂಪೆರೋಮೆಟ್ರಿಕ್ ಪ್ರೋಬ್, ರೀಏಜೆಂಟ್ ಬೇಡ, ಸತತವಾಗಿ ರೀಡಿಂಗ್ ಕೊಡುತ್ತೆ. ಎರಡೂ 4ರಿಂದ 20 ಮಿಲಿಆಂಪ್ ಸಿಗ್ನಲ್ಲೇ ಕಳಿಸ್ತಾವೆ, ಅಂದ್ರೆ ಅಳತೆಯ ಸೊನ್ನೆಗೆ 4, ವ್ಯಾಪ್ತಿಯ ತುದಿಗೆ 20. "ಹಳೇದು ಕಳಚಿ ಹೊಸದು ಹಾಕಿ, ಅರ್ಧ ದಿನದ ಕೆಲಸ" ಅಂತ ಯಾರಿಗಾದ್ರೂ ಅನ್ಸುತ್ತೆ. ನೋಡೋಣ.

ಶುರು ಮಾಡೋ ಮುಂಚೆ: ಯಾವ ಸ್ಟ್ಯಾಂಡರ್ಡ್ ಯಾಕೆ

15288 ಮೊದಲು 2002ರಲ್ಲಿ ಬಂತು, ಆಮೇಲೆ 2008, 2015, 2023ರಲ್ಲಿ ಪರಿಷ್ಕರಣೆ ಆಯ್ತು. ಇದು ಇಡೀ ಸಿಸ್ಟಮ್‌ಗೆ. ಸಾಫ್ಟ್‌ವೇರ್ ಮಾತ್ರ ಅಂದ್ರೆ 12207, ಅದರ 2017ರ ರೂಪದಲ್ಲಿ ಪ್ರೊಸೆಸ್ ಹೆಸರುಗಳು ಹೆಚ್ಚುಕಮ್ಮಿ 15288 ಜೊತೆ ಹೊಂದೋ ಹಾಗೇ ಇವೆ, ಹಾಗಾಗಿ ಎರಡು ಟೀಮ್ ಒಂದೇ ಭಾಷೆ ಮಾತಾಡಬಹುದು. ಕಾನ್ಫಿಗರೇಶನ್ ಮ್ಯಾನೇಜ್‌ಮೆಂಟ್ ಬಗ್ಗೆ ಸರಳವಾಗಿ ಬೇಕು ಅಂದ್ರೆ ಐಎಸ್‌ಒ 10007, ಆಳವಾಗಿ ಬೇಕು ಅಂದ್ರೆ ಇಐಎ 649. ಸಾಫ್ಟ್‌ವೇರ್ ಮೇಂಟೆನೆನ್ಸ್‌ಗೆ 14764. ಹಂತಗಳನ್ನ ಹೇಗೆ ವಿಂಗಡಿಸೋದು, ಹೇಗೆ ಹೊಂದಿಸ್ಕೊಳ್ಳೋದು ಅನ್ನೋದಕ್ಕೆ 24748 ಸರಣಿ. ಎಲ್ಲ ಓದಿ ಮುಗಿಸಿ ಆಮೇಲೆ ಶುರು ಮಾಡ್ತೀನಿ ಅಂದ್ರೆ ಯಾವತ್ತೂ ಶುರು ಆಗಲ್ಲ, 15288 ಮತ್ತು 10007 ಎರಡರಿಂದ ಶುರು ಮಾಡಿ ಸಾಕು.

ಒಂದು ತಪ್ಪು ಕಲ್ಪನೆ ಈಗಲೇ ಬಿಟ್ಟುಬಿಡಿ. ಪ್ರೊಸೆಸ್ ಬೇರೆ, ಹಂತ ಬೇರೆ. ಕಾನ್ಸೆಪ್ಟ್, ಡೆವಲಪ್‌ಮೆಂಟ್, ಪ್ರೊಡಕ್ಷನ್, ಬಳಕೆ, ಸಪೋರ್ಟ್, ನಿವೃತ್ತಿ ಇವು ಹಂತಗಳು, ಸಿಸ್ಟಮ್‌ನ ವಯಸ್ಸು ಇದ್ದ ಹಾಗೆ. ಪ್ರೊಸೆಸ್‌ಗಳು ಯಾವ ವಯಸ್ಸಲ್ಲಾದ್ರೂ ಕರೆದು ಕೆಲಸ ಮಾಡಿಸ್ಕೊಳ್ಳೋವಂಥವು. ನಮ್ಮ ಘಟಕ ಹತ್ತು ವರ್ಷದಿಂದ ಬಳಕೆ ಹಂತದಲ್ಲಿದೆ, ಹಾಗಂತ ರಿಕ್ವೈರ್‌ಮೆಂಟ್ ಪ್ರೊಸೆಸ್ ಮುಗಿದ ಕಥೆ ಅಲ್ಲ, ಇವತ್ತು ಅನಲೈಜರ್ ಬದಲಾಯಿಸೋಕೆ ಅದು ಮತ್ತೆ ಬೇಕು.

ಹೆಜ್ಜೆ 1: ಗಡಿ ಎಳೀರಿ

ನಿಮ್ಮ ಸಿಸ್ಟಮ್ ಎಲ್ಲಿಂದ ಎಲ್ಲಿ ತನಕ ಅಂತ ಒಂದು ಹಾಳೆ ಮೇಲೆ ಬರೀರಿ. 15288 ಇದನ್ನ ಸಿಸ್ಟಮ್ ಆಫ್ ಇಂಟರೆಸ್ಟ್ ಅನ್ನುತ್ತೆ. ಒಳಗಿರೋ ಭಾಗಗಳು ಒಂದು ಕಡೆ, ಹೊರಗಡೆ ಕೈ ಕುಲುಕೋ ಸಿಸ್ಟಮ್‌ಗಳು ಇನ್ನೊಂದು ಕಡೆ. ಮೂರನೇ ಗುಂಪೊಂದಿದೆ, ಜನ ಮರೆಯೋದು ಇದನ್ನೇ, ಎನೇಬ್ಲಿಂಗ್ ಸಿಸ್ಟಮ್‌ಗಳು. ಅಂದ್ರೆ ಓಡೋವಾಗ ನೇರವಾಗಿ ಕೆಲಸ ಮಾಡದೇ ಇದ್ರೂ ಅವಿಲ್ಲದೆ ಸಿಸ್ಟಮ್ ಬದುಕಲ್ಲ ಅನ್ನೋವಂಥವು: ಕ್ಯಾಲಿಬ್ರೇಶನ್ ಕಿಟ್, ಟೆಸ್ಟ್ ಬೆಂಚ್, ಸಿಮ್ಯುಲೇಟರ್, ಆಪರೇಟರ್ ತರಬೇತಿ, ಬಿಡಿಭಾಗದ ಸ್ಟೋರ್, ಪಿಎಲ್‌ಸಿ ಪ್ರೋಗ್ರಾಂ ಮಾಡೋ ಆ ಒಂದೇ ಒಂದು ಹಳೇ ಲ್ಯಾಪ್‌ಟಾಪ್. ನಮ್ಮ ಅನಲೈಜರ್ ಬದಲಾದ್ರೆ ಕ್ಯಾಲಿಬ್ರೇಶನ್ ವಿಧಾನ ಬದಲಾಗುತ್ತೆ, ತರಬೇತಿ ಬದಲಾಗುತ್ತೆ, ರೀಏಜೆಂಟ್ ಆರ್ಡರ್ ನಿಲ್ಲಿಸ್ಬೇಕು, ಪ್ರೋಬ್‌ನ ಮೆಂಬ್ರೇನ್ ಸ್ಟಾಕ್ ಇಡ್ಬೇಕು. ಇದ್ಯಾವುದೂ ಅನಲೈಜರ್ ಡಬ್ಬದ ಒಳಗಿಲ್ಲ.

ಹೆಜ್ಜೆ 2: ಬೇಸ್‌ಲೈನ್ ಇದ್ಯಾ ನೋಡಿ, ಇಲ್ಲಾಂದ್ರೆ ಮೊದಲು ಅದನ್ನ ಮಾಡಿ

ಬೇಸ್‌ಲೈನ್ ಅಂದ್ರೆ ಎಲ್ರೂ ಒಪ್ಪಿ "ಇದು ಹೀಗಿದೆ" ಅಂತ ಗಟ್ಟಿ ಮಾಡಿದ ವಿವರ, ಅದನ್ನ ಬದಲಾಯಿಸ್ಬೇಕು ಅಂದ್ರೆ ಔಪಚಾರಿಕವಾಗಿ ಕೇಳಲೇಬೇಕು. ಸಾಮಾನ್ಯವಾಗಿ ಮೂರು ಪದರ ಇಟ್ಕೋತಾರೆ: ಸಿಸ್ಟಮ್ ಏನು ಮಾಡ್ಬೇಕು ಅನ್ನೋ ಫಂಕ್ಷನಲ್, ಯಾವ ಭಾಗ ಎಷ್ಟು ಹೊರಬೇಕು ಅನ್ನೋ ಅಲೋಕೇಟೆಡ್, ನಿಜವಾಗಿ ಕಟ್ಟಿದ್ದು ಏನು ಅನ್ನೋ ಪ್ರಾಡಕ್ಟ್ ಬೇಸ್‌ಲೈನ್.

ಹಳೇ ಸಿಸ್ಟಮ್‌ಗಳಲ್ಲಿ ಡ್ರಾಯಿಂಗ್ ಒಂದು ಹೇಳುತ್ತೆ, ಸೈಟಲ್ಲಿ ಇನ್ನೊಂದು ಇರುತ್ತೆ. ಹೀಗಿದ್ದಾಗ ಎಲ್ಲ ದಾಖಲೆ ಸರಿ ಮಾಡಿ ಆಮೇಲೆ ಬದಲಾವಣೆ ಅಂದ್ರೆ ಎರಡು ವರ್ಷ ಬೇಕಾಗುತ್ತೆ, ಯಾರೂ ಒಪ್ಪಲ್ಲ. ನಾನು ಹೇಳೋದು, ಬದಲಾವಣೆ ಮುಟ್ಟೋ ಜಾಗ ಮತ್ತೆ ಅದರಿಂದ ಒಂದು ಇಂಟರ್‌ಫೇಸ್ (ಎರಡು ಭಾಗ ಸೇರೋ ಜಾಗ) ಆಚೆ ತನಕ ಸೈಟಿಗೆ ಹೋಗಿ ನಿಜ ಸ್ಥಿತಿ ದಾಖಲು ಮಾಡಿ. ಪಿಎಲ್‌ಸಿಯಲ್ಲಿ ಈಗ ಓಡ್ತಿರೋ ಪ್ರೋಗ್ರಾಂ ಅಪ್‌ಲೋಡ್ ಮಾಡಿ ಫೈಲಲ್ಲಿರೋ ಪ್ರತಿ ಜೊತೆ ಹೋಲಿಸಿ, ಟರ್ಮಿನಲ್ ನಂಬರ್ ನೋಡಿ, ಅಲಾರಂ ಸೆಟ್ಟಿಂಗ್ ಬರ್ಕೊಳ್ಳಿ. ಪ್ರತಿ ಬದಲಾವಣೆಗೂ ಹೀಗೆ ಒಂದು ತುಂಡು ಸರಿಯಾಗ್ತಾ ಹೋದ್ರೆ ಕೆಲವು ವರ್ಷದಲ್ಲಿ ಮುಖ್ಯವಾದ ಜಾಗಗಳೆಲ್ಲ ದಾಖಲಾಗಿರ್ತಾವೆ, ಯಾಕಂದ್ರೆ ಬದಲಾವಣೆ ಹೆಚ್ಚು ಆಗೋದು ಅಲ್ಲೇ.

ಹೆಜ್ಜೆ 3: ವಿನಂತಿಯಲ್ಲಿ ಸಮಸ್ಯೆ ಬರೀರಿ, ಪರಿಹಾರ ಬರೀಬೇಡಿ

"ಅನಲೈಜರ್ ಬದಲಾಯಿಸ್ಬೇಕು" ಅನ್ನೋದು ಪರಿಹಾರ. "ಈಗಿರೋ ಅನಲೈಜರ್‌ಗೆ ಬಿಡಿಭಾಗ ಸಿಗ್ತಿಲ್ಲ, ಕೆಟ್ರೆ ಕ್ಲೋರಿನ್ ನಿಯಂತ್ರಣ ಕೈಯಾರೆ ಮಾಡ್ಬೇಕಾಗುತ್ತೆ" ಅನ್ನೋದು ಸಮಸ್ಯೆ. ಎರಡನೇ ತರ ಬರೆದ್ರೆ ಬೇರೆ ದಾರಿಗಳೂ ಕಣ್ಣಿಗೆ ಬೀಳ್ತಾವೆ, ಉದಾಹರಣೆಗೆ ಬೇರೆ ಕಂಪನಿಯ ಅದೇ ಬಣ್ಣದ ವಿಧಾನದ ಅನಲೈಜರ್.

ಆಮೇಲೆ ವಿಧ ಗುರುತಿಸಿ. 14764 ಹೇಳೋ ವಿಂಗಡಣೆ ಸಾಫ್ಟ್‌ವೇರ್‌ಗೆ ಬರೆದಿದ್ದಾದ್ರೂ ಎಲ್ಲದಕ್ಕೂ ಹೊಂದುತ್ತೆ: ಕೆಟ್ಟಿದ್ದನ್ನ ಸರಿ ಮಾಡೋದು, ಕೆಡೋ ಮುಂಚೆ ತಡೆಯೋದು, ಸುತ್ತಲಿನ ಪರಿಸರ ಬದಲಾಗಿದ್ದಕ್ಕೆ ಹೊಂದಿಸೋದು, ಇನ್ನೂ ಚೆನ್ನಾಗಿ ಮಾಡೋದು, ಹೊಸ ಸೌಲಭ್ಯ ಸೇರಿಸೋದು. ನಮ್ಮದು ಮೂರನೇದು, ಮಾರ್ಕೆಟ್ ಬದಲಾಗಿದೆ, ನಾವು ಹೊಂದಿಸ್ಕೋತಿದ್ದೀವಿ. ಕೆಟ್ಟಿದ್ದನ್ನ ಸರಿ ಮಾಡೋವಾಗ ಹಳೇ ರಿಕ್ವೈರ್‌ಮೆಂಟೇ ಗುರಿ, ಉಳಿದವುಗಳಲ್ಲಿ ರಿಕ್ವೈರ್‌ಮೆಂಟೇ ಅಲ್ಲಾಡಬಹುದು, ವ್ಯತ್ಯಾಸ ಅಲ್ಲಿ.

ಇನ್ನೊಂದು ಮಾತು. ಬದಲಾವಣೆ ವಿನಂತಿ ಬೇರೆ, ವೇರಿಯನ್ಸ್ ಬೇರೆ, 15288 ಎರಡನ್ನೂ ಬೇರೆಬೇರೆಯಾಗಿ ಹೆಸರಿಸುತ್ತೆ. ಬೇಸ್‌ಲೈನ್ ಹಾಗೇ ಇರುತ್ತೆ, ಇಷ್ಟು ದಿನ ಅಥವಾ ಇಷ್ಟು ಯೂನಿಟ್‌ಗೆ ಮಾತ್ರ ಅದರಿಂದ ಸರಿಯೋಕೆ ಒಪ್ಪಿಗೆ ಕೊಡಿ ಅನ್ನೋದು ವೇರಿಯನ್ಸ್. "ತಾತ್ಕಾಲಿಕ" ಅಂತ ಮಾಡೋ ಕೆಲಸಗಳೆಲ್ಲ ಇದರಡಿ ಬರ್ಬೇಕು, ಪ್ರತಿಯೊಂದಕ್ಕೂ ಮುಗಿಯೋ ತಾರೀಕು ಇರ್ಬೇಕು.

ಇದು ಯಾಕೆ ಅಷ್ಟು ಮುಖ್ಯ ಅಂದ್ರೆ ಫ್ಲಿಕ್ಸ್‌ಬರೋ. 1974ರಲ್ಲಿ ಇಂಗ್ಲೆಂಡಿನ ಆ ರಾಸಾಯನಿಕ ಕಾರ್ಖಾನೆಯಲ್ಲಿ ಸಾಲಾಗಿದ್ದ ಆರು ರಿಯಾಕ್ಟರ್‌ಗಳಲ್ಲಿ ಐದನೇದರಲ್ಲಿ ಬಿರುಕು ಕಾಣ್ತು, ಅದನ್ನ ತೆಗೆದು ನಾಲ್ಕು ಮತ್ತು ಆರರ ನಡುವೆ ತಾತ್ಕಾಲಿಕ ಬೈಪಾಸ್ ಪೈಪ್ ಹಾಕಿದ್ರು. ತೆರಪು 28 ಇಂಚು, ಸಿಕ್ಕಿದ ಪೈಪು 20 ಇಂಚು. ಎರಡು ರಿಯಾಕ್ಟರ್ ಮಟ್ಟ ಬೇರೆಯಾಗಿದ್ದರಿಂದ ಪೈಪನ್ನ ಮಡಿಸಿ ಎರಡು ತುದಿಗೂ ಬೆಲ್ಲೋಸ್ (ಹಿಗ್ಗಿ ಕುಗ್ಗೋ ಜೋಡಣೆ) ಕೂರಿಸಿದ್ರು. ಡ್ರಾಯಿಂಗ್ ಅಂತ ಇದ್ದದ್ದು ವರ್ಕ್‌ಶಾಪ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ್ದು. ಬಾಗೋ ಬಲದ ಲೆಕ್ಕ ಹಾಕಲಿಲ್ಲ, ವರ್ಕ್ಸ್ ಎಂಜಿನಿಯರ್ ಹುದ್ದೆ ಆಗ ಖಾಲಿ ಇತ್ತು. ಜೂನ್ 1ರಂದು ಬೈಪಾಸ್ ಕಿತ್ತು ಸೈಕ್ಲೋಹೆಕ್ಸೇನ್ ಆವಿ ಸ್ಫೋಟಿಸ್ತು, 28 ಜನ ಸತ್ರು. ಇವತ್ತಿನ ಪ್ರೊಸೆಸ್ ಇಂಡಸ್ಟ್ರಿಯಲ್ಲಿ "ಮ್ಯಾನೇಜ್‌ಮೆಂಟ್ ಆಫ್ ಚೇಂಜ್" ಬಗ್ಗೆ ಯಾರೇ ಪಾಠ ಮಾಡಿದ್ರೂ ಈ ಪೈಪಿನ ಕಥೆ ಬಂದೇ ಬರುತ್ತೆ.

ಹೆಜ್ಜೆ 4: ಪರಿಣಾಮ ವಿಶ್ಲೇಷಣೆ (ಇಲ್ಲಿ ಟೈಮ್ ಕೊಡಿ, ಬೇರೆ ಕಡೆ ಉಳಿಸಿ)

ಇಡೀ ಗೈಡಲ್ಲಿ ಒಂದೇ ಹೆಜ್ಜೆ ಮಾಡೋಕೆ ಸಮಯ ಇದೆ ಅಂದ್ರೆ ಇದನ್ನ ಮಾಡಿ. ಮೂರು ಸುತ್ತು ಹಾಕ್ಬೇಕು.

ಮೊದಲ ಸುತ್ತು ಟ್ರೇಸ್. ಬದಲಾಗ್ತಿರೋ ಐಟಂ ಯಾವ ರಿಕ್ವೈರ್‌ಮೆಂಟ್ ಪೂರೈಸ್ತಿದೆ, ಮೇಲೆ ಯಾವ ಬಳಕೆದಾರರ ಅಗತ್ಯದ ತನಕ ಹೋಗುತ್ತೆ, ಕೆಳಗೆ ಯಾವ ಟೆಸ್ಟ್ ತನಕ ಬರುತ್ತೆ. ಟ್ರೇಸಬಿಲಿಟಿ ಟೇಬಲ್ ಇದ್ರೆ ಒಂದು ಗಂಟೆ ಕೆಲಸ.

ಎರಡನೇ ಸುತ್ತು ಇಂಟರ್‌ಫೇಸ್. ಎರಡೂ 4ರಿಂದ 20 ಮಿಲಿಆಂಪ್ ಅಂದ್ವಲ್ಲ, ಹಾಗಾದ್ರೆ ಇಂಟರ್‌ಫೇಸ್ ಒಂದೇ ಅಂದ್ಕೋಬೇಡಿ. ಹಳೇ ಅನಲೈಜರ್‌ನ ವ್ಯಾಪ್ತಿ ಲೀಟರಿಗೆ 0ರಿಂದ 5 ಮಿಲಿಗ್ರಾಂ, ಹೊಸದರದ್ದು 0ರಿಂದ 10 ಅಂತ ಇಟ್ಕೊಳ್ಳಿ. ನೀರಲ್ಲಿ ನಿಜವಾಗಿ 1 ಮಿಲಿಗ್ರಾಂ ಇದ್ದಾಗ ಹೊಸದು 5.6 ಮಿಲಿಆಂಪ್ ಕಳಿಸುತ್ತೆ, ಪಿಎಲ್‌ಸಿ ಹಳೇ ಸ್ಕೇಲಲ್ಲೇ ಓದಿ ಅದನ್ನ 0.5 ಅಂದ್ಕೊಳ್ಳುತ್ತೆ. ಸೆಟ್‌ಪಾಯಿಂಟ್ (ಇರ್ಬೇಕಾದ ಮಟ್ಟ) 1 ಇದ್ರೆ ಕ್ಲೋರಿನ್ ಸಾಲದು ಅಂತ ಪಂಪ್ ಏರಿಸ್ತಾ ಹೋಗುತ್ತೆ, ಅದರ ಲೆಕ್ಕದಲ್ಲಿ 1 ಆಗೋ ಹೊತ್ತಿಗೆ ನೀರಲ್ಲಿ 2 ಆಗಿರುತ್ತೆ. ಹೈ ಅಲಾರಂ 3ಕ್ಕೆ ಇಟ್ಟಿದ್ರೆ ಅದು ಹೊಡ್ಕೊಳ್ಳೋದು ನಿಜವಾಗಿ 6 ದಾಟಿದಾಗ, ಕುಡಿಯೋ ನೀರಿನ ಕ್ಲೋರಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮೌಲ್ಯವೇ 5. ವೈರ್ ಸರಿಯಾಗಿದೆ, ಸಿಗ್ನಲ್ ಸರಿಯಾಗಿದೆ, ಅನಲೈಜರ್ ಸರಿಯಾಗಿದೆ, ಪಿಎಲ್‌ಸಿ ಸರಿಯಾಗಿದೆ, ಆದ್ರೂ ಸಿಸ್ಟಮ್ ತಪ್ಪು. ಹಾಗಾಗಿ ಇಂಟರ್‌ಫೇಸ್ ಅಂದಾಗ ಸಿಗ್ನಲ್ ಅಷ್ಟೇ ಅಲ್ಲ, ಯೂನಿಟ್, ವ್ಯಾಪ್ತಿ, ಎಷ್ಟು ಹೊತ್ತಿಗೊಮ್ಮೆ ಬರುತ್ತೆ, ಕೆಟ್ಟಾಗ ಏನು ಕಳಿಸುತ್ತೆ, ಆನ್ ಆದ ಮೊದಲ ನಿಮಿಷದಲ್ಲಿ ಏನು ಕಳಿಸುತ್ತೆ, ಇಷ್ಟನ್ನೂ ಹಳೇದು ಹೊಸದು ಪಕ್ಕಪಕ್ಕ ಬರೆದು ನೋಡಿ.

ಮೂರನೇ ಸುತ್ತು ಊಹೆಗಳು, ಕಷ್ಟದ್ದು ಇದು, ಯಾಕಂದ್ರೆ ಊಹೆಗಳನ್ನ ಯಾರೂ ಬರೆದಿಟ್ಟಿರಲ್ಲ. ಹಳೇ ವಿಧಾನದಲ್ಲಿ ರೀಏಜೆಂಟ್ ಜೊತೆ ಬಫರ್ (ಪಿಎಚ್ ಸ್ಥಿರವಾಗಿಡೋ ದ್ರಾವಣ) ಹೋಗುತ್ತೆ, ಹಾಗಾಗಿ ನೀರಿನ ಪಿಎಚ್ ಏನಿದ್ರೂ ರೀಡಿಂಗ್ ಅಷ್ಟಾಗಿ ಅಲ್ಲಾಡಲ್ಲ. ಹೊಸ ಪ್ರೋಬ್ ಮುಖ್ಯವಾಗಿ ಹೈಪೋಕ್ಲೋರಸ್ ಆಮ್ಲಕ್ಕೆ ಸ್ಪಂದಿಸುತ್ತೆ, ಪಿಎಚ್ ಏರಿದ ಹಾಗೆ ಆ ಆಮ್ಲ ಹೈಪೋಕ್ಲೋರೈಟ್ ಆಗ್ತಾ ಹೋಗುತ್ತೆ, ಸುಮಾರು 7.5ರ ಹತ್ರ ಅರ್ಧ ಅರ್ಧ. ಅಂದ್ರೆ ಮೇಲ್ಗಡೆ ಯಾರೋ ಸುಣ್ಣ ಹೆಚ್ಚು ಹಾಕಿ ಪಿಎಚ್ ಏರಿದ್ರೆ ನಮ್ಮ ಕ್ಲೋರಿನ್ ರೀಡಿಂಗ್ ಇಳಿಯುತ್ತೆ, ಪಂಪ್ ಜಾಸ್ತಿ ಓಡುತ್ತೆ. ನಿನ್ನೆ ತನಕ ಸಂಬಂಧವೇ ಇರದ ಸುಣ್ಣದ ಡೋಸಿಂಗ್ ಇವತ್ತು ಅಳೆದು ಪಂಪ್ ಓಡಿಸೋ ನಮ್ಮ ಲೂಪಿನ ಒಳಗೆ ಬಂತು. ಹೊಸ ಇಂಟರ್‌ಫೇಸ್ ಹುಟ್ಟಿದೆ, ಯಾರ ಡ್ರಾಯಿಂಗಲ್ಲೂ ಇಲ್ಲ! ಅದೇ ರೀತಿ ಡೋಸಿಂಗ್ ಲೂಪ್ ಟ್ಯೂನ್ ಮಾಡಿದವರು ನಿಮಿಷಗಳ ತಡ ಇರುತ್ತೆ ಅಂತ ಊಹಿಸಿ ಮಾಡಿದ್ದು, ಈಗ ತಡ ಇಲ್ಲ, ಟ್ಯೂನಿಂಗ್ ಮತ್ತೆ ನೋಡ್ಬೇಕು.

ಊಹೆ ಹುಡುಕೋಕೆ ನಾನು ಬಳಸೋ ಪ್ರಶ್ನೆ ಇದು: "ಹಳೇದು ಯಾರಿಗೂ ಗೊತ್ತಾಗದ ಹಾಗೆ ಯಾವ ಉಪಕಾರ ಮಾಡ್ತಿತ್ತು?" ಆಪರೇಟರ್, ಮೇಂಟೆನೆನ್ಸ್‌ನವರು, ಲ್ಯಾಬ್‌ನವರು ಈ ಮೂರು ಜನರನ್ನ ಕೂರಿಸಿ ಕೇಳಿ, ಉತ್ತರ ಬರುತ್ತೆ. ರೀಏಜೆಂಟ್ ಬದಲಾಯಿಸೋಕೆ ಅಂತ ನಿಯಮಿತವಾಗಿ ಒಬ್ಬರು ಅಲ್ಲಿಗೆ ಹೋಗಿ ಪೈಪ್ ಸೋರ್ತಿದ್ಯಾ ಅಂತಾನೂ ನೋಡ್ತಿದ್ರು, ಇನ್ಮೇಲೆ ಅಲ್ಲಿಗೆ ಯಾರೂ ಹೋಗಲ್ಲ. ಇಂಥವು ಯಾವ ಸಾಫ್ಟ್‌ವೇರ್ ಟೂಲಲ್ಲೂ ಸಿಗಲ್ಲ.

ಊಹೆ ತಪ್ಪಿದ್ರೆ ಏನಾಗುತ್ತೆ ಅನ್ನೋದಕ್ಕೆ ಏರಿಯಾನ್ 5. 1996 ಜೂನ್ 4ರ ಮೊದಲ ಹಾರಾಟ. ಏರಿಯಾನ್ 4ರಲ್ಲಿ ಚೆನ್ನಾಗಿ ಕೆಲಸ ಮಾಡಿದ್ದ ಇನರ್ಷಿಯಲ್ ರೆಫರೆನ್ಸ್ (ರಾಕೆಟ್‌ನ ದಿಕ್ಕು, ಚಲನೆ ಅಳೆಯೋ ಯೂನಿಟ್) ಸಾಫ್ಟ್‌ವೇರನ್ನ ಹೆಚ್ಚುಕಮ್ಮಿ ಹಾಗೇ ತಂದು ಹಾಕಿದ್ರು. ಅದರಲ್ಲಿ 64 ಬಿಟ್ ಸಂಖ್ಯೆಯೊಂದನ್ನ 16 ಬಿಟ್‌ಗೆ ಇಳಿಸೋ ಒಂದು ಜಾಗದಲ್ಲಿ ಓವರ್‌ಫ್ಲೋ (ಸಂಖ್ಯೆ ಜಾಗದಲ್ಲಿ ಹಿಡಿಸದೇ ಹೋಗೋದು) ರಕ್ಷಣೆ ಇರಲಿಲ್ಲ, ಪ್ರೊಸೆಸರ್ ಲೋಡ್ ಕಡಿಮೆ ಇಡ್ಬೇಕು ಅಂತ ಯೋಚಿಸಿಯೇ ಬಿಟ್ಟಿದ್ದು, ಏರಿಯಾನ್ 4ರ ಪಥದಲ್ಲಿ ಆ ಸಂಖ್ಯೆ ಅಷ್ಟು ದೊಡ್ಡದಾಗೋ ಸಾಧ್ಯತೆನೇ ಇರಲಿಲ್ಲ. ಹೊಸ ರಾಕೆಟ್‌ನ ಅಡ್ಡ ವೇಗ ಬಹಳ ಬೇಗ ಏರ್ತಿತ್ತು. ಸುಮಾರು 37ನೇ ಸೆಕೆಂಡಲ್ಲಿ ಬ್ಯಾಕಪ್ ಮತ್ತೆ ಮುಖ್ಯ ಯೂನಿಟ್ ಎರಡೂ ಒಂದೇ ಕಾರಣಕ್ಕೆ ನಿಂತ್ವು, ರಾಕೆಟ್ ಒಡೆದು ಹೋಯ್ತು. ಇನ್ನೂ ನೋವಿನ ವಿಷಯ ಏನಂದ್ರೆ ಆ ಲೆಕ್ಕ ಮಾಡ್ತಿದ್ದ ಅಲೈನ್‌ಮೆಂಟ್ ಭಾಗಕ್ಕೆ ಏರಿಯಾನ್ 5 ಮೇಲೇರಿದ ಮೇಲೆ ಕೆಲಸವೇ ಇರಲಿಲ್ಲ. ಆ ಭಾಗದ ಕೋಡ್ ಬದಲಾಗಿರಲಿಲ್ಲ ಗಮನಿಸಿ, ಬದಲಾಗಿದ್ದು ಸುತ್ತಲಿನ ಸಿಸ್ಟಮ್. ಹಾಗಾಗಿ "ಈ ಭಾಗ ನಾವು ಮುಟ್ಟಿಲ್ಲ" ಅನ್ನೋದು ಸುರಕ್ಷಿತ ಅನ್ನೋದಕ್ಕೆ ಸಾಕ್ಷಿ ಅಲ್ಲ.

ಹೆಜ್ಜೆ 5: ತೀರ್ಮಾನ

ಕಾನ್ಫಿಗರೇಶನ್ ಕಂಟ್ರೋಲ್ ಬೋರ್ಡ್ ಅಂತ ದೊಡ್ಡ ಹೆಸರು ಇಟ್ಟು ಹದಿನೈದು ಜನರನ್ನ ಕೂರಿಸೋದು ಬೇಡ. ತೀರ್ಮಾನದ ಅಧಿಕಾರ ಇರೋ ಒಬ್ಬರು, ಪರಿಣಾಮ ಅನುಭವಿಸೋ ಪ್ರತಿ ಕಡೆಯಿಂದ ಒಬ್ಬೊಬ್ಬರು. ಡಿಸಿಷನ್ ಮ್ಯಾನೇಜ್‌ಮೆಂಟ್ ಪ್ರೊಸೆಸ್ ಕೇಳೋದು ಇಷ್ಟೇ: ಯಾವ ಯಾವ ದಾರಿ ಇತ್ತು, ಯಾವ ಮಾನದಂಡದಲ್ಲಿ ತೂಗಿದ್ರಿ, ಯಾಕೆ ಇದನ್ನ ಆರಿಸಿದ್ರಿ, ಅದು ದಾಖಲಾಯ್ತಾ. "ಏನೂ ಬದಲಾಯಿಸದೇ ಇರೋದು" ಕೂಡ ಒಂದು ದಾರಿಯಾಗಿ ಟೇಬಲ್‌ನಲ್ಲಿ ಇರ್ಲೇಬೇಕು, ಅದರ ರಿಸ್ಕ್ ಸಮೇತ. ತಿರಸ್ಕರಿಸಿದ ವಿನಂತಿಯ ಕಾರಣ ಬರೆದಿಡಿ, ಎರಡು ವರ್ಷ ಆದ್ಮೇಲೆ ಅದೇ ಐಡಿಯಾ ಬೇರೆಯವರ ಬಾಯಲ್ಲಿ ಬರುತ್ತೆ.

ಎಲ್ಲ ಬದಲಾವಣೆಗೂ ಒಂದೇ ತೂಕ ಬೇಡ, ಟೈಲರಿಂಗ್‌ಗೆ, ಅಂದ್ರೆ ಕೆಲಸಕ್ಕೆ ತಕ್ಕ ಹಾಗೆ ಪ್ರೊಸೆಸ್ ಹೊಂದಿಸ್ಕೊಳ್ಳೋದಕ್ಕೆ, ಸ್ಟ್ಯಾಂಡರ್ಡೇ ಅವಕಾಶ ಕೊಡುತ್ತೆ. ಆದ್ರೆ ಚಿಕ್ಕದು ದೊಡ್ಡದು ಅನ್ನೋದನ್ನ ಖರ್ಚಿನಿಂದ ಅಥವಾ ಎಷ್ಟು ಭಾಗ ಅನ್ನೋದ್ರಿಂದ ನಿರ್ಧರಿಸಬೇಡಿ, ಯಾವ ಇಂಟರ್‌ಫೇಸ್ ಅಥವಾ ಯಾವ ಸುರಕ್ಷತಾ ಕೆಲಸ ಮುಟ್ಟುತ್ತೆ ಅನ್ನೋದ್ರಿಂದ ನಿರ್ಧರಿಸಿ. 1981ರ ಜುಲೈ 17ರಂದು ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಲ್ಲಿ ತೂಗು ನಡಿಗೆದಾರಿಗಳು ಬಿದ್ದು 114 ಜನ ಸತ್ರು. ಎರಡು ಮಹಡಿಯ ದಾರಿಗಳನ್ನ ಒಂದೇ ಉದ್ದ ರಾಡಿಂದ ತೂಗಬೇಕಿತ್ತು, ಕಟ್ಟೋಕೆ ಸುಲಭ ಅಂತ ಎರಡು ತುಂಡು ರಾಡ್ ಮಾಡಿದ್ರು. ಮೇಲಿನ ದಾರಿಯ ಬೀಮಿನ ಜೋಡಣೆ ಮೇಲೆ ಭಾರ ಎರಡರಷ್ಟಾಯ್ತು, ಅದನ್ನ ಯಾರೂ ಮತ್ತೆ ಲೆಕ್ಕ ಹಾಕಲಿಲ್ಲ. ಮೂಲ ಡಿಸೈನೇ ದುರ್ಬಲವಾಗಿತ್ತು ಅಂತಾನೂ ತನಿಖೆಯಲ್ಲಿ ಗೊತ್ತಾಯ್ತು, ಅಂದ್ರೆ ಆ ಬದಲಾವಣೆಯನ್ನ ಸರಿಯಾಗಿ ಪರಿಶೀಲಿಸಿದ್ರೆ ಹಳೇ ತಪ್ಪೂ ಸಿಗ್ತಿತ್ತು.

ತುರ್ತು ಬದಲಾವಣೆಗೆ ಬೇರೆ ದಾರಿ ಈಗಲೇ ಮಾಡಿಡಿ: ರಾತ್ರಿ ಯಾರು ಒಪ್ಪಬಹುದು, ಎಷ್ಟು ಗಂಟೆಯೊಳಗೆ ವಿಶ್ಲೇಷಣೆ ಆಮೇಲೆ ಪೂರ್ತಿ ಮಾಡ್ಬೇಕು. ದಾರಿ ಇಲ್ಲದಿದ್ರೆ ಜನ ತಮ್ಮದೇ ದಾರಿ ಮಾಡ್ಕೋತಾರೆ.

ಹೆಜ್ಜೆ 6: ಮೇಲಿಂದ ಕೆಳಕ್ಕೆ ಬದಲಾಯಿಸಿ

ಮೊದಲು ರಿಕ್ವೈರ್‌ಮೆಂಟ್ ತಿದ್ದಿ, ಆಮೇಲೆ ಆರ್ಕಿಟೆಕ್ಚರ್, ಆಮೇಲೆ ಡಿಸೈನ್, ಆಮೇಲೆ ಪಿಎಲ್‌ಸಿ ಕೋಡು. ನಮ್ಮ ಕೇಸಲ್ಲಿ ಹೊಸ ರಿಕ್ವೈರ್‌ಮೆಂಟ್ ಒಂದು ಹುಟ್ಟುತ್ತೆ: ಪಿಎಚ್ ಇಂತಿಷ್ಟರ ನಡುವೆ ಬದಲಾದ್ರೂ ಕ್ಲೋರಿನ್ ಅಳತೆ ಇಂತಿಷ್ಟು ತಪ್ಪಿನೊಳಗೆ ಇರ್ಬೇಕು. ಅದರಿಂದ ಆರ್ಕಿಟೆಕ್ಚರಲ್ಲಿ ಪಿಎಚ್ ಸೆನ್ಸರಿಂದ ಒಂದು ಲಿಂಕ್, ಅದರಿಂದ ತಿದ್ದುಪಡಿ ಲೆಕ್ಕದ ಬ್ಲಾಕ್, ಪಿಎಚ್ ಸೆನ್ಸರ್ ಕೆಟ್ಟಾಗ ಏನು ಮಾಡ್ಬೇಕು ಅನ್ನೋ ನಡತೆ. ಕೋಡಿಂದ ಶುರು ಮಾಡಿದವರಿಗೆ ಈ ಕೊನೇದು ಹೊಳೆಯೋದೇ ಇಲ್ಲ. ಕೆಳಗೆ ಹೋದಾಗ ಮೇಲಿನದು ತಪ್ಪು ಅಂತ ಗೊತ್ತಾದ್ರೆ ವಾಪಸ್ ಹೋಗಿ ತಿದ್ದಿ, ಪ್ರೊಸೆಸ್‌ಗಳು ಹೀಗೆ ಮತ್ತೆಮತ್ತೆ ಓಡೋಕೇ ಇರೋದು.

ಹೆಜ್ಜೆ 7: ಪರೀಕ್ಷೆ, ಎರಡು ಬೇರೆ ಪ್ರಶ್ನೆ

ವೆರಿಫಿಕೇಶನ್ ಅಂದ್ರೆ ಬರೆದ ರಿಕ್ವೈರ್‌ಮೆಂಟ್ ಪ್ರಕಾರ ಆಗಿದ್ಯಾ. ವ್ಯಾಲಿಡೇಶನ್ ಅಂದ್ರೆ ಬಳಸೋರ ಕೆಲಸ ಅವರ ಜಾಗದಲ್ಲಿ ನಡೀತಾ ಇದ್ಯಾ. ಕರೆಂಟ್ ಸೋರ್ಸ್ ಇಟ್ಟು 4, 8, 12, 16, 20 ಮಿಲಿಆಂಪ್ ಕೊಟ್ಟು ಸ್ಕ್ರೀನಲ್ಲಿ ಬರೋ ಸಂಖ್ಯೆ ನೋಡೋದು ಮೊದಲನೇದು. ಹಳೇದು ಹೊಸದು ಎರಡನ್ನೂ ಕೆಲವು ವಾರ ಜೊತೆಗೆ ಓಡಿಸಿ, ಲ್ಯಾಬ್ ಟೆಸ್ಟ್ ಜೊತೆ ಹೋಲಿಸಿ, ರಾತ್ರಿ ಪಾಳಿಯವರು ಅಲಾರಂ ಬಂದಾಗ ಸರಿಯಾದ ಕೆಲಸ ಮಾಡ್ತಾರಾ ನೋಡೋದು ಎರಡನೇದು. ಮತ್ತೆ ಮುಟ್ಟದೇ ಇರೋ ಭಾಗಗಳು ಮುಂಚಿನ ಹಾಗೇ ಇವೆಯಾ ಅಂತ ನೋಡೋ ರಿಗ್ರೆಶನ್ ಟೆಸ್ಟ್, ಹೆಜ್ಜೆ 4ರಲ್ಲಿ ಸಿಕ್ಕ ಪ್ರತಿ ಊಹೆಗೂ ಕನಿಷ್ಠ ಒಂದು ಟೆಸ್ಟ್ ಇರ್ಬೇಕು. ಸುಣ್ಣ ಏರಿಸಿ ನೋಡಿ, ನಿಯಂತ್ರಿತವಾಗಿ.

ಹೆಜ್ಜೆ 8: ಬಳಕೆಗೆ ತರೋದು, ವಾಪಸ್ ಬರೋ ದಾರಿ

ಟ್ರಾನ್ಸಿಶನ್ ಅನ್ನೋದು 15288ರಲ್ಲಿ ಸ್ವಂತ ಪ್ರೊಸೆಸ್, ಕಾರಣ ಇದೆ. 2012ರ ಆಗಸ್ಟ್ 1ರಂದು ನೈಟ್ ಕ್ಯಾಪಿಟಲ್ ಅನ್ನೋ ಅಮೆರಿಕದ ಷೇರು ವಹಿವಾಟು ಕಂಪನಿಗೆ ಆದದ್ದು ನೋಡಿ. ಎಂಟು ಸರ್ವರ್‌ಗೆ ಹೊಸ ಕೋಡ್ ಹಾಕ್ಬೇಕಿತ್ತು, ಒಂದಕ್ಕೆ ಹಾಕೋದು ತಪ್ಪಿಹೋಯ್ತು, ಇನ್ನೊಬ್ಬರು ಪರಿಶೀಲಿಸೋ ಪದ್ಧತಿ ಇರಲಿಲ್ಲ. ಹೊಸ ಕೋಡು ಒಂದು ಹಳೇ ಫ್ಲ್ಯಾಗನ್ನೇ (ಕೋಡಿನ ಆನ್-ಆಫ್ ಗುರುತು) ಹೊಸ ಅರ್ಥಕ್ಕೆ ಬಳಸ್ತಿತ್ತು, ಆ ಎಂಟನೇ ಸರ್ವರಲ್ಲಿ ಅದೇ ಫ್ಲ್ಯಾಗ್ 2003ರಲ್ಲೇ ಬಳಕೆ ನಿಲ್ಲಿಸಿದ್ದ ಪವರ್ ಪೆಗ್ ಅನ್ನೋ ಹಳೇ ಕೋಡನ್ನ ಎಬ್ಬಿಸಿಬಿಡ್ತು. ಮಾರ್ಕೆಟ್ ತೆರೆಯೋ ಮುಂಚೆ ಸಿಸ್ಟಮ್ 97 ಇಮೇಲ್ ಕಳಿಸಿ ದೋಷ ಇದೆ ಅಂದಿತ್ತು, ಅವು ಅಲಾರಂ ಅಂತ ರೂಪಿಸಿದ್ದಲ್ಲ, ಹಾಗಾಗಿ ಯಾರೂ ಅದರ ಮೇಲೆ ಕ್ರಮ ತಗೊಳ್ಳಲಿಲ್ಲ. ಸಮಸ್ಯೆ ಸರಿ ಮಾಡೋ ಭರದಲ್ಲಿ ಸರಿಯಾಗಿದ್ದ ಏಳು ಸರ್ವರಿಂದ ಹೊಸ ಕೋಡ್ ತೆಗೆದ್ರು, ಆಗ ಎಲ್ಲ ಎಂಟರಲ್ಲೂ ಹಳೇ ಕೋಡ್ ಓಡಿ ಪರಿಸ್ಥಿತಿ ಇನ್ನೂ ಕೆಟ್ಟಿತು. ಸುಮಾರು 45 ನಿಮಿಷ, 46 ಕೋಟಿ ಡಾಲರಿಗೂ ಹೆಚ್ಚು ನಷ್ಟ.

ಇದ್ರಿಂದ ನೇರವಾಗಿ ಚೆಕ್‌ಲಿಸ್ಟಿಗೆ ಬರೋದು: ಪ್ರತಿ ಯೂನಿಟ್ ಯಾವ ವರ್ಷನ್‌ನಲ್ಲಿದೆ ಅಂತ ಹಾಕಿದವರಲ್ಲದೆ ಇನ್ನೊಬ್ಬರು ಓದಿ ಖಚಿತಪಡಿಸ್ಬೇಕು. ಅರ್ಧ ಹಳೇದು ಅರ್ಧ ಹೊಸದು ಇರೋ ಸ್ಥಿತಿಯನ್ನೂ ಒಂದು ಕಾನ್ಫಿಗರೇಶನ್ ಅಂತ ಪರಿಗಣಿಸಿ ಟೆಸ್ಟ್ ಮಾಡ್ಬೇಕು. ರೋಲ್‌ಬ್ಯಾಕ್ (ಹಳೇ ಸ್ಥಿತಿಗೆ ವಾಪಸ್ ಹೋಗೋದು) ಕೂಡ ಒಂದು ಬದಲಾವಣೆ, ಅದನ್ನೂ ಮುಂಚೆಯೇ ಅಭ್ಯಾಸ ಮಾಡಿರ್ಬೇಕು, ಯಾವ ಹಂತ ದಾಟಿದ್ಮೇಲೆ ವಾಪಸ್ ಹೋಗೋಕಾಗಲ್ಲ ಅಂತ ಬರೆದಿರ್ಬೇಕು. ನಮ್ಮ ಘಟಕದಲ್ಲಿ ಹೊಸ ಸ್ಕೇಲ್ ಹಾಕಿದ ಪಿಎಲ್‌ಸಿಗೆ ಹಳೇ ಅನಲೈಜರ್ ವಾಪಸ್ ಜೋಡಿಸಿದ್ರೆ ತಪ್ಪು ಉಲ್ಟಾ ಆಗುತ್ತೆ, ಎರಡರಷ್ಟು ತೋರಿಸುತ್ತೆ, ಉಳಿಯೋ ಕ್ಲೋರಿನ್ ಅರ್ಧ ಆಗುತ್ತೆ, ನೀರು ಸರಿಯಾಗಿ ಸೋಂಕುರಹಿತ ಆಗ್ದೇ ಹೊರಗೆ ಹೋಗಬಹುದು. ಹಾರ್ಡ್‌ವೇರ್ ಕೋಡು ಎರಡೂ ಒಟ್ಟಿಗೇ ವಾಪಸ್ ಹೋಗ್ಬೇಕು ಅನ್ನೋದು ಪ್ಲಾನಲ್ಲಿ ದಪ್ಪ ಅಕ್ಷರದಲ್ಲಿ ಇರ್ಲಿ.

ಬೇರೆಯವರ ಸಿಸ್ಟಮ್ ಮಧ್ಯೆ ಇದ್ರೆ

ನಿಮ್ಮದಲ್ಲದ ಸಿಸ್ಟಮ್‌ಗಳು ನಿಮ್ಮನ್ನ ಕೇಳದೇ ಬದಲಾಗ್ತಾವೆ. 21841 ಅನ್ನೋ ಸ್ಟ್ಯಾಂಡರ್ಡ್ ಸಿಸ್ಟಮ್ ಆಫ್ ಸಿಸ್ಟಮ್ಸ್‌ನ (ಸ್ವತಂತ್ರ ಸಿಸ್ಟಮ್‌ಗಳು ಸೇರಿ ಆದ ದೊಡ್ಡ ಸಿಸ್ಟಮ್) ನಾಲ್ಕು ತರ ಹೇಳುತ್ತೆ: ಒಬ್ಬರೇ ಆದೇಶ ಕೊಡೋದು, ಒಪ್ಪಿದ ಗುರಿ ಇದ್ರೂ ಪ್ರತಿಯೊಬ್ಬರೂ ತಮ್ಮ ಒಡೆತನ ಉಳಿಸ್ಕೊಂಡಿರೋದು, ಸ್ವಇಚ್ಛೆಯಿಂದ ಸಹಕರಿಸೋದು, ಯಾರ ಹಿಡಿತವೂ ಇಲ್ಲದೆ ತಾನಾಗೇ ಆಗಿದ್ದು. ಮೊದಲ ತರದಲ್ಲಿ ಒಂದೇ ಬೋರ್ಡ್ ಸಾಕು. ಎರಡನೇದಕ್ಕೆ ಬಂದ್ರೆ ಇಂಟರ್‌ಫೇಸ್ ಒಪ್ಪಂದದಲ್ಲೇ ಎಷ್ಟು ದಿನ ಮುಂಚೆ ತಿಳಿಸ್ಬೇಕು, ಹಳೇ ವರ್ಷನ್ ಎಷ್ಟು ದಿನ ಉಳಿಸ್ಬೇಕು ಅಂತ ಹಾಕಿ, ಅಗ್ರಿಮೆಂಟ್ ಪ್ರೊಸೆಸ್‌ಗಳು ಇಲ್ಲಿ ಉಪಯೋಗಕ್ಕೆ ಬರ್ತಾವೆ. ಕೊನೇ ಎರಡರಲ್ಲಿ ಎಲ್ಲರನ್ನೂ ಕಟ್ಟಿಹಾಕೋ ಒಪ್ಪಂದ ಇರುತ್ತೆ ಅಂತ ನಂಬೋಕಾಗಲ್ಲ, ಗಡಿಯಲ್ಲಿ ಬರೋ ಡೇಟಾವನ್ನ ಪ್ರತಿ ಸಲ ಪರೀಕ್ಷಿಸೋದೇ ಮುಖ್ಯ ರಕ್ಷಣೆ.

ಹೆಜ್ಜೆ 9: ಮುಚ್ಚೋದು

ಬದಲಾವಣೆ ಕೆಲಸ ಮಾಡ್ತಿದೆ ಅಂದ ಕೂಡಲೇ ಟಿಕೆಟ್ ಮುಚ್ಚಬೇಡಿ. ಸ್ಟೇಟಸ್ ಅಕೌಂಟಿಂಗ್ ಅಂದ್ರೆ ಯಾವ ವಿನಂತಿ ಎಲ್ಲಿದೆ, ಯಾವ ಐಟಂ ಯಾವ ವರ್ಷನ್‌ನಲ್ಲಿದೆ, ಯಾವ ವೇರಿಯನ್ಸ್ ಇನ್ನೂ ತೆರೆದಿದೆ ಅನ್ನೋ ಲೆಕ್ಕ, ಅದು ಅಪ್‌ಡೇಟ್ ಆಗ್ಬೇಕು. ಆಮೇಲೆ ಕಾನ್ಫಿಗರೇಶನ್ ಆಡಿಟ್, ಎರಡು ತರ: ಕೆಲಸ ಮಾಡೋದು ಬರೆದ ಹಾಗಿದ್ಯಾ, ಕಣ್ಣಿಗೆ ಕಾಣೋದು ಡ್ರಾಯಿಂಗಲ್ಲಿದ್ದ ಹಾಗಿದ್ಯಾ. ತಿಂಗಳಿಗೊಮ್ಮೆ ಯಾವುದೋ ಮೂರು ಐಟಂ ಆರಿಸಿ ಸೈಟಿಗೆ ಹೋಗಿ ನೋಡಿ, ದಾಖಲೆ ಜೊತೆ ಎಷ್ಟು ಸಲ ಹೊಂದಲ್ಲ ಅಂತ ಬರ್ಕೊಳ್ಳಿ. ಅಳತೆ ಒಂದೇ ಇಟ್ಕೋತೀನಿ ಅಂದ್ರೆ ಇದನ್ನ ಇಟ್ಕೊಳ್ಳಿ, ಮುಚ್ಚಿದ ಟಿಕೆಟ್ ಎಣಿಸೋದಕ್ಕಿಂತ ಇದು ಸಾವಿರ ಪಾಲು ಉಪಯೋಗ.

ಕೊನೇದಾಗಿ ಡಿಸ್ಪೋಸಲ್, ಆ 14 ಟೆಕ್ನಿಕಲ್ ಪ್ರೊಸೆಸ್‌ಗಳಲ್ಲಿ ಯಾರೂ ಓದದೇ ಇರೋದು. ಪವರ್ ಪೆಗ್ ಒಂಬತ್ತು ವರ್ಷ ಸತ್ತಂಗೆ ಮಲಗಿತ್ತು, ತೆಗೆದುಹಾಕಿದ್ರೆ ಎದ್ದೇಳ್ತಿರಲಿಲ್ಲ. ನಮ್ಮಲ್ಲೂ ಹಳೇ ಅನಲೈಜರ್ ಬಿಚ್ಚಿದ ಮೇಲೆ ಉಳಿಯೋದು ಬಹಳ: ಉಳಿದ ರೀಏಜೆಂಟ್ ಬಾಟಲಿಗಳು, ಅದನ್ನ ಹೊರಹಾಕ್ತಿದ್ದ ಡ್ರೈನ್ ಪೈಪ್, ಪಿಎಲ್‌ಸಿಯಲ್ಲಿ 0ರಿಂದ 5ರ ಸ್ಕೇಲಿಂಗ್ ಬ್ಲಾಕ್, ಸ್ಕ್ರೀನ್ ಮೇಲೆ ಹಳೇ ಫಾಲ್ಟ್ ಲೈಟ್, ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿದ ಹಳೇ ಕ್ಯಾಲಿಬ್ರೇಶನ್ ಹಾಳೆ. ಒಂದೊಂದಾಗಿ ತೆಗೀರಿ, ತೆಗೆದಿದ್ದಕ್ಕೂ ಟಿಕ್ ಹಾಕಿ, ಆ ಹಾಳೆ ಕಿತ್ತ ಮೇಲೆ ಟಿಕೆಟ್ ಮುಚ್ಚಿ.